ಮೂರನೆಯ ಕರೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕರೆದ ಕೂಡಲೇ ಓ ಎನ್ನುವ ಜಾಯಮಾನ ನನ್ನದಲ್ಲ. ಇದನ್ನು ಕೆಲವರು ಸೊಕ್ಕು ಎಂದರು, ಕೆಲವರು ಕಿವುಡು ಎಂದರು. ನಮ್ಮ ಕಚೇರಿಯ ಸಾಹೇಬರು ಎರಡೂ ಇರಬೇಕೆಂದು ತೀರ್ಮಾನಿಸಿ ನನ್ನ ಮೇಜನ್ನು ತಮ್ಮ ಬಾಗಿಲಿನ ಎದುರಿಗೇ ಹಾಕಿಸಿದ್ದರು. ನಿಜವಾದ ಕಾರಣ ನಮ್ಮ ಅವ್ವ. ಯಾರೇ ಕರೆಯಲಿ, ಮೊದಲ ಕರೆಗೆ ಉತ್ತರ ಕೊಡಬಾರದು, ಎರಡನೆಯದಕ್ಕೂ ಕೊಡಬಾರದು ಎಂದು ನನ್ನ ಹಾಲುಹಲ್ಲು ಬೀಳುವ ಮೊದಲೇ ಆಕೆ ಕಲಿಸಿಬಿಟ್ಟಿದ್ದಳು. "ದೆವ್ವಕ್ಕ ಎರಡು ಸಲಾ ಕರಿಯೂದಷ್ಟ ಬರತೈತಿ. ಮೂರನೇ ಸಲಾ ಕರದ್ರ ಮನಷ್ಯಾ ಅಂತ ತಿಳೀಬೇಕು," ಎನ್ನುತ್ತಿದ್ದಳು. ಎರಡರೊಳಗೆ ಓ ಎಂದವನ ಉಸಿರನ್ನು ಅದು ಹಾಗೇ ಎಳೆದುಕೊಂಡು ಹೋಗುತ್ತದಂತೆ. ಶಾಲೆಯಲ್ಲಿ ಕಲಿತ ಹದಿನೇಳರ ಮಗ್ಗಿ ಮರೆತುಹೋಗಿದೆ, ಇದು ಮಾತ್ರ ಮರೆಯಲಿಲ್ಲ. ದೆವ್ವಗಿವ್ವ ಎಲ್ಲ ಸುಳ್ಳು ಎಂದು ಮಧ್ಯಾಹ್ನದ ಚಹಾದ ಹೊತ್ತಿಗೆ ಕಚೇರಿಯಲ್ಲಿ ಮೇಜು ಗುದ್ದಿ ವಾದಿಸುತ್ತಿದ್ದವನು ನಾನೇ. ವಾದ ಮುಗಿಯುವಷ್ಟರಲ್ಲಿ ಸಾಹೇಬರು ಕರೆದರೆ ಮೂರನೆಯ ಸಲಕ್ಕೇ ಏಳುತ್ತಿದ್ದೆ.

ಇದರಿಂದ ಹೆಚ್ಚು ತೊಂದರೆಪಟ್ಟವಳು ನನ್ನ ಹೆಂಡತಿ ನೀಲವ್ವ. ಆಕೆಗೆ ಇನ್ನೊಂದು ಕಷ್ಟವಿತ್ತು. ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಆಕೆಯ ತವರಿನಲ್ಲಿ ಕಲಿಸಿ ಕಳಿಸಿದ್ದರು. ಮದುವೆಯಲ್ಲಿ ಹೆಂಗಸರೆಲ್ಲ ಸುತ್ತುಗಟ್ಟಿ ನಿಂತು ಒಡಪು ಹೇಳೆಂದು ಪೀಡಿಸಿದಾಗ, ಪ್ರಾಸ ಕೂಡಿಸಿದ ಎರಡು ಸಾಲಿನ ನಡುವೆ ನನ್ನ ಹೆಸರನ್ನು ಎಷ್ಟು ಲಗುಬಗೆಯಿಂದ ನುಂಗಿದಳೆಂದರೆ, ಪಕ್ಕದಲ್ಲೇ ಕೂತಿದ್ದ ನನಗೂ ಅದು ನನ್ನದೇ ಹೆಸರೆಂದು ಖಾತ್ರಿಯಾಗಲಿಲ್ಲ. ಅದಾದ ಹನ್ನೊಂದು ವರ್ಷ ಆಕೆ ನನ್ನನ್ನು "ಏನ್ರೀ" ಎಂದೇ ಕರೆದಳು. ಕೇಶ್ವಾಪುರದ ನಮ್ಮ ಓಣಿಯಲ್ಲಿ ಎಲ್ಲ ಹೆಂಗಸರ ಗಂಡಂದಿರ ಹೆಸರೂ "ಏನ್ರೀ". ಒಬ್ಬಾಕೆ ಕರೆದರೆ ನಾಲ್ಕು ಮನೆಯ ಗಂಡಸರು ಹೊರಗೆ ಬರುತ್ತಿದ್ದರು, ನಾನೊಬ್ಬ ಮಾತ್ರ ಬರುತ್ತಿರಲಿಲ್ಲ. "ಏನ್ರೀ, ರೊಟ್ಟಿ ಆರಾಕತ್ತಾವು," ಎಂದು ಒಂದು ಸಲ, ಎರಡು ಸಲ, ಮೂರನೆಯದಕ್ಕೆ ಧ್ವನಿ ಏರಿಸಿ ಕರೆಯಬೇಕು. ಮೂರನೆಯ ಕರೆಯ ಹೊತ್ತಿಗೆ ರೊಟ್ಟಿ ಆರಿ ಹಪ್ಪಳವಾಗಿರುತ್ತಿತ್ತು. ಆಕೆ ಸಿಟ್ಟಾದರೆ, ಇದು ನಮ್ಮ ಅವ್ವನ ಸಂಪ್ರದಾಯ ಎಂದು ನಾನು ಗಂಭೀರವಾಗಿ ಹೇಳಿ ಗಟ್ಟಿ ರೊಟ್ಟಿ ಮುರಿಯುತ್ತಿದ್ದೆ.

ಇಷ್ಟಕ್ಕೇ ನಿಂತಿದ್ದರೆ ಈ ಪ್ರಬಂಧದ ಅಗತ್ಯವಿರಲಿಲ್ಲ. ಆ ವರ್ಷ ನನಗೆ ಮೊಣಕಾಲು ನೋವು ಶುರುವಾಯಿತು. ಡಾಕ್ಟರು ನನ್ನ ಮೊಣಕಾಲನ್ನು ಬಿಟ್ಟು ಹೊಟ್ಟೆಯನ್ನೇ ಬಹಳ ಹೊತ್ತು ನೋಡಿ, "ದಿನಾ ಮೂರು ಮೈಲು ಅಡ್ಡಾಡ್ರಿ. ಸಪಾಟ ನೆಲದ ಮ್ಯಾಲೆ ಅಡ್ಡಾಡ್ರಿ, ಏರು ಇಳುಕಲು ಬ್ಯಾಡ," ಎಂದರು. ಹೇಳುವುದು ಸುಲಭ. ಆ ಕಾಲದ ಹುಬ್ಬಳ್ಳಿಯಲ್ಲಿ ಕೆಲಸವಿಲ್ಲದೆ ನಡೆಯುವ ಪದ್ಧತಿ ಇರಲಿಲ್ಲ. ಕೈಯಲ್ಲಿ ಚೀಲವಿಲ್ಲದೆ ಬೀದಿಗೆ ಇಳಿದ ಮೊದಲ ದಿನವೇ ಎದುರು ಮನೆಯವರು ಓಡಿ ಬಂದು, "ಯಾರಿಗೆ ಏನಾತ್ರಿ?" ಎಂದು ಕೇಳಿದರು. ಯಾರಿಗೂ ಏನೂ ಆಗಿಲ್ಲ, ಸುಮ್ಮನೆ ನಡೆಯುತ್ತಿದ್ದೇನೆ ಎಂದರೆ ಯಾರೂ ನಂಬಲಿಲ್ಲ. ನನ್ನನ್ನು ಸಮಾಧಾನಪಡಿಸಲು ಒಳಗೆ ಕರೆದು ಚಹಾ ಕುಡಿಸಿದರು, ಚುರಮುರಿ ಕೊಟ್ಟರು. ಒಂದು ಮೈಲು ನಡೆಯುವುದರೊಳಗೆ ಐದು ಮನೆ, ಐದು ಚಹಾ. ತಿಂಗಳ ಕೊನೆಗೆ ನನ್ನ ತೂಕ ಏರಿತ್ತು. ಧಾರವಾಡಕ್ಕೆ ಹೋಗಿ ನಡೆಯೋಣವೆಂದರೆ ಅಲ್ಲಿ ನೆಲವೇ ಏರು ಇಳುಕಲು, ಮೇಲಾಗಿ ಬೀಗರ ಮನೆಗಳು ಇನ್ನೂ ಹೆಚ್ಚು.

ನೀಲವ್ವನ ತಮ್ಮ ಗುರಪ್ಪನಿಗೆ ಹೊಸ ರಾಜ್ಯವಾದ ಮೇಲೆ ಕುಮಟೆಯ ಹತ್ತಿರದ ಒಂದು ಹಳ್ಳಿಯ ಶಾಲೆಗೆ ಮಾಸ್ತರಿಕೆಯ ವರ್ಗವಾಗಿತ್ತು. ಅಘನಾಶಿನಿ ನದಿ ಸಮುದ್ರ ಸೇರುವ ಮುಂಚೆ ಹರಡಿಕೊಳ್ಳುವ ಜೌಗು ಬಯಲಿನ ಅಂಚಿನ ಹಳ್ಳಿ ಅದು. ನನ್ನ ಮೊಣಕಾಲಿನ ಸುದ್ದಿ ಕೇಳಿ ಅವನು ಕಾಗದ ಬರೆದ: "ಮಾಮಾ, ಇಲ್ಲಿ ಉಪ್ಪುನೀರು ಗದ್ದೆಗೆ ನುಗ್ಗದಂತೆ ಕಟ್ಟಿದ ಮಣ್ಣಿನ ಕಟ್ಟೆ ಇದೆ. ಮೂರು ಮೈಲು ಉದ್ದ, ಅಂಗೈಯಷ್ಟು ಸಪಾಟು. ಚಹಾ ಕುಡಿಸುವ ಮನೆ ಒಂದೂ ಇಲ್ಲ." ಮಕ್ಕಳಿಬ್ಬರನ್ನೂ ಅವ್ವನ ಹತ್ತಿರ ಬಿಟ್ಟು, ಯುಗಾದಿ ಕಳೆದ ಮೇಲೆ ನಾನೂ ನೀಲವ್ವನೂ ಬಸ್ಸು ಹತ್ತಿದೆವು. ಯಲ್ಲಾಪುರ ದಾಟಿ ಘಟ್ಟ ಇಳಿಯುವಾಗ ಆಕೆ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಧೈರ್ಯ ಹೇಳಬೇಕೆಂದಿದ್ದೆ, ಆದರೆ ನನ್ನ ಕಣ್ಣೂ ಮುಚ್ಚಿದ್ದವು.

ಮರುದಿನ ಬೆಳಗ್ಗೆ ನಾವು ತಿರುಗಾಡಲು ಹೊರಟಾಗ ಗುರಪ್ಪ ಶಾಲೆಗೆ ಹೋಗುವ ಗಡಿಬಿಡಿಯಲ್ಲಿದ್ದ. ಬಾಗಿಲಲ್ಲಿ ನಿಂತು ಹೇಳಿದ: "ಮಾಮಾ, ಹನ್ನೆರಡರೊಳಗ ತಿರುಗಿ ಬರ್ರಿ. ಆಮ್ಯಾಲೆ ನೀರು ತಿರಗತೈತಿ. ಇನ್ನೊಂದ ಮಾತು. ಮಟಮಟ ಮಧ್ಯಾಹ್ನದಾಗ ಈ ಊರವರು ಕಟ್ಟಿ ಮ್ಯಾಲೆ ಹೋಗೂದಿಲ್ಲ. ಹಿಂದಕ ಬಳಚು ಆರಿಸಾಕ ಇಳಿದ ಹೆಣ್ಣಮಗಳು ಒಬ್ಬಾಕಿ ಕೆಸರಿನಾಗ ಹೋಗಿಬಿಟ್ಟಾಳಂತ. ಆ ಹೊತ್ತಿಗೆ ಅಕಿ ಕರೀತಾಳಂತ." ಬಳಚು ಎಂದರೆ ಕೆಸರಿನೊಳಗೆ ಸಿಗುವ ಚಿಪ್ಪು ಎಂದು ನೀಲವ್ವನಿಗೆ ತಿಳಿಸಿ ಹೇಳಿದ. ನೀರು ತಿರುಗುವುದು ಎಂದರೆ ಏನೆಂದು ನನಗೆ ಯಾರೂ ತಿಳಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೆಂಡತಿಯ ತಮ್ಮನ ಮುಂದೆ ಗೊತ್ತಿಲ್ಲ ಎನ್ನುವುದು ನಮ್ಮ ಕಡೆ ಆಗದ ಮಾತು. ನಾನು ಕಂಡ ನೀರೆಂದರೆ ಉಣಕಲ್ಲ ಕೆರೆಯದು. ಅದು ಬೇಸಿಗೆಯಲ್ಲಿ ಇಳಿದರೆ ಮುಂದಿನ ಮಳೆಗಾಲದ ತನಕ ಏರುವುದಿಲ್ಲ. ನಡುವೆ ಎಲ್ಲಿಗೂ ತಿರುಗುವುದಿಲ್ಲ. ದೆವ್ವದ ಮಾತಿಗೆ ಮಾತ್ರ ಜೋರಾಗಿ ನಕ್ಕು, ಕಚೇರಿಯಲ್ಲಿ ಮಾಡುವ ವಾದವನ್ನೇ ಪೂರ್ತಿ ಮಾಡಿದೆ. ವಾದ ಮುಗಿದು, ನೀಲವ್ವ ಅವಲಕ್ಕಿ ಕಟ್ಟಿಕೊಂಡು ಹೊರಡುವಷ್ಟರಲ್ಲಿ ಹನ್ನೊಂದು ದಾಟಿತ್ತು.

ಅಷ್ಟು ಸಪಾಟಾದ ನೆಲವನ್ನು ನಾನು ಅದುವರೆಗೆ ನೋಡಿರಲಿಲ್ಲ. ಕಟ್ಟೆಯ ಎಡಕ್ಕೆ ಕೊಯ್ಲು ಮುಗಿದ ಗದ್ದೆ, ಬಲಕ್ಕೆ ನೀರು ಇಳಿದು ಬತ್ತಲಾಗಿ ಬಿದ್ದಿದ್ದ ನದಿಯ ಕೆಸರು, ಅದರ ನಡುವೆ ಸಮುದ್ರದ ಕಡೆ ಹರಿಯುವ ಒಂದು ಸಣ್ಣ ಕಾಲುವೆ. ಮರವಿಲ್ಲ, ಮನೆಯಿಲ್ಲ, ಮನುಷ್ಯರಿಲ್ಲ. ಕಟ್ಟೆಯ ಆಚೆ ತುದಿಯಲ್ಲಿ ಒಂದೇ ಒಂದು ತೆಂಗಿನ ಮರ. ಅದನ್ನು ಮುಟ್ಟಿ ಬರೋಣವೆಂದು ಹೊರಟರೆ ಅರ್ಧ ತಾಸು ನಡೆದರೂ ಅದು ಇದ್ದಲ್ಲೇ ಇತ್ತು. ಹುಬ್ಬಳ್ಳಿಯಲ್ಲಾದರೆ ಎಲ್ಲಿಯವರೆಗೆ ಬಂದೆ ಎಂದು ತಿಳಿಯಲು ಮೈಲುಗಲ್ಲು ಬೇಡ, ಯಾವ ಮನೆಯವರು ತಡೆದು ಮಾತಾಡಿಸಿದರೆಂದು ನೋಡಿದರೆ ಸಾಕು. ಇಲ್ಲಿ ಯಾರೂ ತಡೆಯಲಿಲ್ಲ. ನಾನು ಬಯಸಿ ಬಂದದ್ದು ಅದನ್ನೇ. ಆದರೂ ಒಂದು ಮೈಲು ಕಳೆಯುವಷ್ಟರಲ್ಲಿ, ಯಾರಾದರೂ ಬಂದು "ಚಹಾ ಕುಡೀರಿ" ಎಂದು ಪೀಡಿಸಿದರೆ ಬೇಡವೆನ್ನಬಾರದು ಎಂದು ಅನಿಸತೊಡಗಿತ್ತು.

ಕೆಸರು ಮಾತಾಡುತ್ತಿತ್ತು. ಸುಳ್ಳಲ್ಲ. ಅಲ್ಲಲ್ಲಿ ತೂತು ಬಿಟ್ಟುಕೊಂಡು ಚಿಟಿ ಚಿಟಿ ಎನ್ನುತ್ತ, ನಡುನಡುವೆ ದೊಡ್ಡದೊಂದು ಉಸಿರು ಬಿಡುತ್ತಿತ್ತು. ಅದರ ಮೇಲೆ ಸಾವಿರಾರು ಸಣ್ಣ ಏಡಿಗಳು. ಪ್ರತಿಯೊಂದಕ್ಕೂ ಒಂದು ಕೈ ಚಿಕ್ಕದು, ಒಂದು ಕೈ ದೊಡ್ಡದು. ಆ ದೊಡ್ಡ ಕೈಯನ್ನು ಎತ್ತಿ ಎತ್ತಿ ಅವೆಲ್ಲ ಒಟ್ಟಿಗೆ ಬಾ, ಬಾ ಎಂದು ಕರೆಯುತ್ತಿದ್ದವು. ನಾನು ಎರಡು ಹೆಜ್ಜೆ ಹತ್ತಿರ ಹೋದರೆ ಅಷ್ಟೂ ಏಡಿಗಳು ಕಣ್ಣು ಮಿಟುಕಿಸುವುದರೊಳಗೆ ಮಾಯ, ಬರಿ ತೂತುಗಳು. ಹಿಂದಕ್ಕೆ ಸರಿದು ನಿಂತರೆ ಮತ್ತೆ ಮೇಲೆ ಬಂದು ಸದ್ದಿಲ್ಲದೆ ಕರೆಯುವುದು. ಬಾಯಿ ಬಿಟ್ಟು ಕರೆದರೆ ಎಣಿಸಬಹುದು, ಕೈ ಬೀಸಿ ಕರೆದರೆ ಎಷ್ಟು ಸಲ ಕಾಯಬೇಕೆಂದು ಅವ್ವ ಹೇಳಿರಲಿಲ್ಲ. ನಾನು ಆ ಕಡೆ ನೋಡುವುದನ್ನು ಬಿಟ್ಟೆ.

"ಏನ್ರೀ, ಅಲ್ಲಿ ಬೆಳ್ಳನ್ನ ಚಿಪ್ಪು ಎಷ್ಟು ಛಂದ ಅದಾವ ನೋಡ್ರಿ. ಹುಡುಗೂರಿಗೆ ನಾಕು ಆರಿಸಿಕೊಳ್ಳಲೇನು?" ಎಂದಳು ನೀಲವ್ವ. ಆಕೆ ನಮ್ಮ ಪದ್ಧತಿಯಂತೆ ನನಗಿಂತ ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದಳು. ಕೆಸರಿದೆ, ಬೇಡ ಎಂದೆ. ಆಕೆ ನಕ್ಕಳು. "ನವಲಗುಂದದ ಎರಿಹೊಲದಾಗ ಹುಟ್ಟಿದಾಕಿ ನಾ. ನನಗೇನು ಕೆಸರಿನ ಸುದ್ದಿ ಹೇಳತೀರಿ?" ಅದೂ ಖರೆ ಎನಿಸಿತು. ಕರಿಮಣ್ಣಿನಲ್ಲಿ ಮೊಣಕಾಲುದ್ದ ಹೂತು ಜೋಳ ಬಿತ್ತಿದವರ ಮನೆಯ ಮಗಳು. ನಾನು ತಿರುಗಿ ನೋಡದೆ ಮುಂದೆ ಸಾಗಿದೆ. ಆಕೆ ಇಳಿದಳೋ ಇಲ್ಲವೋ ಎಂದು ಕೂಡ ನೋಡಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಆಗ ನನ್ನ ಲಕ್ಷ್ಯವೆಲ್ಲ ಆ ಬರಲೊಲ್ಲದ ತೆಂಗಿನ ಮರದ ಮೇಲಿತ್ತು.

ಸೂರ್ಯ ನೆತ್ತಿಯ ಮೇಲೆ ಬಂದಿದ್ದ. ನನ್ನ ನೆರಳು ನನ್ನ ಚಪ್ಪಲಿಯಡಿಗೆ ಸರಿದು, ಕಟ್ಟೆಯ ಮೇಲೆ ನೆರಳಿಲ್ಲದ ಮನುಷ್ಯನಾಗಿ ನಡೆಯುತ್ತಿದ್ದೆ. ಕೆಸರಿನ ಚಿಟಿಚಿಟಿ ಒಮ್ಮೆಲೇ ನಿಂತಿತು. ಆಗ ಯಾರೋ ಕರೆದರು.

"ಚನ್ನಬಸಪ್ಪಾ..."

ಹೆಣ್ಣುಧ್ವನಿ. ಹಿಂದಿನಿಂದಲ್ಲ, ಮುಂದಿನಿಂದಲೂ ಅಲ್ಲ. ಕೆಳಗಿನಿಂದ, ನೆಲದೊಳಗಿನಿಂದ ಬಂದ ಹಾಗೆ, ತೆಳ್ಳಗೆ. ಆ ಊರಿನಲ್ಲಿ ನನ್ನ ಹೆಸರು ಗೊತ್ತಿದ್ದ ಹೆಂಗಸು ಒಬ್ಬಳೇ, ಆಕೆ ಹೆಸರು ಹಿಡಿಯುವವಳಲ್ಲ. ಹಾಗಾದರೆ ಇದು ಯಾರೆಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯ ಉಳಿಯಲಿಲ್ಲ. ಕಚೇರಿಯ ವಾದಗಳೆಲ್ಲ ಒಂದೊಂದಾಗಿ ನೆನಪಾದವು. ಒಂದೂ ಉಪಯೋಗಕ್ಕೆ ಬರಲಿಲ್ಲ. ತಿರುಗಿ ನೋಡದೆ ಬಿರುಸಾಗಿ ಹೆಜ್ಜೆ ಹಾಕಿದೆ.

"ಚನ್ನಬಸಪ್ಪಾ!"

ಎರಡಾಯಿತು. ಈ ಸಲ ಧ್ವನಿಯಲ್ಲಿ ಅಳು ಇತ್ತು. ದೆವ್ವಗಳು ಅತ್ತು ಕರೆಯುವುದುಂಟೆಂದು ಅವ್ವ ಹೇಳಿದ್ದು ನೆನಪಾಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಓಂ ನಮಃ ಶಿವಾಯ ಎನ್ನೋಣವೆಂದರೆ, ಆ ಮೊದಲ ಓಂಕಾರವನ್ನು ಅದು ಓಗೊಟ್ಟಂತೆ ತಿಳಿದುಬಿಟ್ಟರೆ ಏನು ಗತಿ ಎಂದು ಹೆದರಿಕೆಯಾಯಿತು. ಅದಕ್ಕೆ ಅಷ್ಟನ್ನು ಬಿಟ್ಟು ಬರಿ "ಶಿವಾಯ, ಶಿವಾಯ" ಎನ್ನುತ್ತ ನಡೆದೆ. ಮೂರನೆಯ ಕರೆಗಾಗಿ ಕಿವಿ ನಿಮಿರಿಸಿಕೊಂಡಿದ್ದೆ. ಬರಲಿಲ್ಲ. ಅವ್ವನ ಮಾತು ಅಕ್ಷರಶಃ ನಿಜವಾಗಿತ್ತು, ಎರಡಕ್ಕೇ ನಿಂತಿತ್ತು. ಮನುಷ್ಯರಾಗಿದ್ದರೆ ಮೂರನೆಯ ಸಲ ಕರೆಯುತ್ತಿರಲಿಲ್ಲವೆ?

ಆಗ ಬಲಗಡೆಯ ಕಾಲುವೆಯ ಮೇಲೆ ಕಣ್ಣು ಬಿತ್ತು. ಬರುವಾಗ ಅದರ ಸಣ್ಣ ನೀರು ಸಮುದ್ರದ ಕಡೆ ಹರಿಯುತ್ತಿದ್ದುದನ್ನು ನಾನೇ ಕಂಡಿದ್ದೆ. ಈಗ ಒಂದು ಒಣ ಎಲೆ ಅದರ ಮೇಲೆ ಕೂತು ಸಮುದ್ರದ ಕಡೆಯಿಂದ ತಿರುಗಿ ಬರುತ್ತಿತ್ತು. ಗಾಳಿ ಇಲ್ಲ, ಅಲೆ ಇಲ್ಲ, ಸದ್ದಿಲ್ಲ. ನದಿ ಹಿಮ್ಮುಖವಾಗಿ ಹರಿಯುತ್ತಿತ್ತು. ಏಡಿಯ ತೂತುಗಳು ಒಂದೊಂದಾಗಿ ನೀರಿನೊಳಗೆ ಮುಚ್ಚಿಹೋಗುತ್ತಿದ್ದವು. ಅದನ್ನು ನೋಡಿದ ಮೇಲೆ ಅಲ್ಲಿ ಒಬ್ಬನೇ ನಿಲ್ಲುವ ತಾಕತ್ತು ನನ್ನಲ್ಲಿ ಉಳಿಯಲಿಲ್ಲ. ತಿರುಗಿದವನೇ ಓಟ ಕಿತ್ತೆ. ಮೊಣಕಾಲು ನೋವು ಎಲ್ಲಿ ಹೋಯಿತೋ ದೇವರಿಗೇ ಗೊತ್ತು.

ಕಟ್ಟೆ ಬರಿದಾಗಿತ್ತು. ಕಣ್ಣು ಹಾಯುವವರೆಗೆ ಒಂದು ನರಪಿಳ್ಳೆಯೂ ಇಲ್ಲ. ಎರಡು ಫರ್ಲಾಂಗು ಓಡಿದ ಮೇಲೆ ಕಟ್ಟೆಯ ಅಂಚಿನಲ್ಲಿ ಜೋಡಿಸಿಟ್ಟ ಒಂದು ಜೊತೆ ಚಪ್ಪಲಿ ಕಂಡವು, ಪಕ್ಕದಲ್ಲಿ ಅವಲಕ್ಕಿಯ ಗಂಟು. ಅಲ್ಲಿಂದ ಕೆಳಗೆ ಕೆಸರಿನಲ್ಲಿ ಹೋದ ಹೆಜ್ಜೆಗಳಿದ್ದವು, ಬಂದ ಹೆಜ್ಜೆಗಳಿರಲಿಲ್ಲ. ಹೆಜ್ಜೆಗಳ ಕೊನೆಗೆ ನೀಲವ್ವ ತೊಡೆಯವರೆಗೆ ಹೂತು ನಿಂತಿದ್ದಳು. ಸೆರಗಿನ ತುದಿಯಲ್ಲಿ ಚಿಪ್ಪಿನ ಗಂಟು ಹಾಗೇ ಇತ್ತು. ನೀರು ಆಕೆಯ ಸುತ್ತ ಬಂದು ಸೊಂಟ ಮುಟ್ಟುತ್ತಿತ್ತು. ಆಕೆ ನನ್ನನ್ನು ನೋಡಿದಳು, ಆದರೆ ಬಾಯಿ ಬಿಡಲಿಲ್ಲ. ತುಟಿ ಕಚ್ಚಿಕೊಂಡು, ಬೇಡ ಎಂಬಂತೆ ಕೈ ಆಡಿಸಿದಳು.

ನಾನು ಕೂಗಿದೆ. ಇಂಥ ಹೊತ್ತಿನಲ್ಲಿ ಗಂಡನಾದವನು ಹೆಂಡತಿಯ ಹೆಸರು ಕೂಗಬೇಕು, ಇಲ್ಲವೆ ದೇವರ ಹೆಸರು ಕೂಗಬೇಕು. ನಾನು "ಅವ್ವಾ!" ಎಂದು ಕೂಗಿದೆ. ಒಂದಲ್ಲ, ಎರಡಲ್ಲ, ಉಸಿರು ಇರುವ ತನಕ ಕೂಗಿದೆ. ಇಳಿಯಲು ಕಾಲು ಕೆಳಗೆ ಇಟ್ಟೆನೋ ಇಲ್ಲವೋ, ಪಕ್ಕದಿಂದ ಒಂದು ಒರಟು ಧ್ವನಿ ಬಂತು. "ಇಳೂಬೇಡಿ ಒಡ್ಯಾ! ನೀವು ಇಳಿದ್ರೆ ಇಬ್ರನ್ನೂ ತೆಗೂಕೆ ಆಗುದಿಲ್ಲ." ತಿರುಗಿದರೆ, ಕಾಲುವೆಯ ತಿರುವಿನಿಂದ ಮುದುಕಿಯೊಬ್ಬಳು ಸಣ್ಣ ಪಾತಿ ದೋಣಿಯನ್ನು ಗಳೆಯಿಂದ ತಳ್ಳಿಕೊಂಡು ಬರುತ್ತಿದ್ದಳು. ದೋಣಿಯೊಳಗೆ ಕೂರಲು ಹಾಕಿದ್ದ ಹಲಗೆ ತೆಗೆದು ಕೆಸರಿನ ಮೇಲೆ ಹಾಸಿ, ನನ್ನನ್ನು ಅದರ ಮೇಲೆ ಬೋರಲು ಮಲಗಿಸಿದಳು. ನೀಲವ್ವನಿಗೂ ಮುಂದಕ್ಕೆ ಬಗ್ಗಿ ಮಲಗಲು ಹೇಳಿದಳು. ಡಾಕ್ಟರು ಕಣ್ಣಿಟ್ಟು ನೋಡಿದ್ದ ನನ್ನ ಹೊಟ್ಟೆಯ ಮೇಲೆಯೇ ನಾನು ಜಾರುತ್ತ ಹೋಗಿ ಆಕೆಯ ತೋಳು ಹಿಡಿದೆ. ಒಂದೊಂದೇ ಕಾಲು ಬಿಡಿಸಿಕೊಂಡು ಆಕೆ ಹಲಗೆಗೆ ಬರುವಷ್ಟರಲ್ಲಿ ನೀರು ನನ್ನ ಗದ್ದಕ್ಕೆ ಬಂದಿತ್ತು. ಕೆಸರು ಕೊನೆಯ ಕಾಲನ್ನು ಬಿಡುವಾಗ ಮಾಡಿದ ಸದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಕಟ್ಟೆಯ ಮೇಲೆ ಮೂವರೂ ಕೂತು ಸುಧಾರಿಸಿಕೊಂಡೆವು. ಮುದುಕಿ ಎಲೆ ಅಡಿಕೆ ತೆಗೆದಳು. "ಈ ಅಮ್ಮ ಎರಡು ಸಲ ಕೂಗಿದ್ದು ನಂಗೂ ಕೇಳಿತ್ತು," ಎಂದಳು ನಿರಾಳವಾಗಿ. ಮತ್ತೆ ಏಕೆ ಬರಲಿಲ್ಲ ಎಂದು ಕೇಳಿದೆ. "ಮದ್ಯಾನ ಕೆಸರಿಂದ ಹೆಂಗ್ಸು ಕೂಗಿದ್ರೆ ನಾವು ಓ ಹೇಳುದಿಲ್ಲ ಒಡ್ಯಾ. ನಮ್ಮಲ್ಲಿ ಒಬ್ಳು ಇದ್ದಾಳೆ, ನಿಮ್ಗೆ ಗೊತ್ತಿಲ್ಲ. ಆಮೇಲೆ ನೀವು ಅವ್ವಾ ಅವ್ವಾ ಅಂತ ಅತ್ರಲ್ಲ, ಅದ್ಕೆ ಬಂದೆ. ಅಷ್ಟು ಹೆದ್ರುವ ದೆವ್ವ ಇಲ್ಲಿ ಯಾವುದೂ ಇಲ್ಲ." ಹೀಗೆ ಒಬ್ಬ ಹೆಂಗಸು ಮುಳುಗುತ್ತಿರುವಾಗ, ಕೇಳಿಸಿಕೊಂಡ ಇಬ್ಬರೂ ಆಕೆಯನ್ನು ದೆವ್ವವೆಂದು ತಿಳಿದು ತಮ್ಮ ತಮ್ಮ ಸಂಪ್ರದಾಯ ಪಾಲಿಸಿಕೊಂಡು ಕೂತಿದ್ದೆವು. ಮುದುಕಿ ಬಾಯಿ ತುಂಬ ಎಲೆ ಹಾಕಿಕೊಂಡು ದೋಣಿ ತಳ್ಳಿಕೊಂಡು ಹೋದಳು.

ತಿರುಗಿ ಬರುವಾಗ ನೀಲವ್ವ ಹತ್ತು ಹೆಜ್ಜೆ ಹಿಂದಿರಲಿಲ್ಲ, ಪಕ್ಕದಲ್ಲೇ ಇದ್ದಳು. ಸ್ವಲ್ಪ ದೂರ ನಡೆದ ಮೇಲೆ ನಾನೇ ಕೇಳಿದೆ, ಹೆಸರು ಹಿಡಿದು ಕರೆದದ್ದು ಏಕೆ ಎಂದು.

"ಏನ್ರೀ ಅಂದ್ರ ನೀವು ಎಂದರ ತಿರಗೀರೇನು? ಹೆಸರ ಹಿಡದ್ರರ ತಿರಗತೀರೇನೋ ಅಂತ ಕರದೆ," ಎಂದಳು. "ಎರಡ ಸಲಾ ಹಿಡದೇನಿ. ಅದಕ್ಕ ಸೋಮವಾರ ಉಪಾಸ ಮಾಡತೇನಿ. ನಿಮ್ಮ ಆಯುಷ್ಯಕ್ಕೇನೂ ಆಗೂದಿಲ್ಲ, ಚಿಂತಿ ಮಾಡಬ್ಯಾಡ್ರಿ."

"ಅಲ್ಲ, ಮೂರನೇ ಸಲಾ ಯಾಕ ಕರೀಲಿಲ್ಲ? ನಾ ಮೂರಕ್ಕ ಓ ಅಂತೇನಿ ಅಂತ ನಿನಗ ಗೊತ್ತಿಲ್ಲೇನು?" ಎಂದೆ. ನನ್ನ ಧ್ವನಿಯಲ್ಲಿ ಸಿಟ್ಟಿತ್ತು. ತಪ್ಪು ಮಾಡಿದವನಿಗೆ ಮೊದಲು ಬರುವುದು ಸಿಟ್ಟೇ.

"ಗೊತ್ತೈತಿ. ಅದಕ್ಕ ಕರೀಲಿಲ್ಲ." ಆಕೆ ಸೆರಗಿನ ಕೆಸರು ಒರೆಸಿಕೊಳ್ಳುತ್ತ ನನ್ನ ಮುಖ ನೋಡದೆ ಹೇಳಿದಳು. "ಮೊದಲ ಕರಿಯೂ ಮುಂದ ಮೊಣಕಾಲತನಾ ಅಷ್ಟ ಹೋಗಿದ್ದೆ. ಎರಡನೇದ್ದು ಕರದ ಮ್ಯಾಲೆ ಒಮ್ಮೆಲೇ ತೊಡಿತನಾ ಇಳದೆ. ಆಗ ತಿಳೀತು, ಇದು ನಮ್ಮ ಎರಿ ಅಲ್ಲ ಅಂತ. ಮೂರನೇದ್ದು ಕರದಿದ್ರ ನೀವು ಹಿಂದಮುಂದ ನೋಡದ ಬಂದು ಇಳೀತಿದ್ರಿ. ಮನ್ಯಾಗ ಎರಡು ಕೂಸು ಅದಾವ. ಇಬ್ಬರೂ ಹ್ವಾದ್ರ ಅವಕ್ಕ ಯಾರ್ರೀ? ಬಾಯಿ ಮುಚ್ಚಿಕೊಂಡ ನಿಂತೆ."

ನಾನು ಅಲ್ಲೇ ಕಟ್ಟೆಯ ಮೇಲೆ ಕೂತು, ಆ ಬಟ್ಟಬಯಲಿನಲ್ಲಿ, ಅತ್ತುಬಿಟ್ಟೆ. ನನ್ನ ಬೆನ್ನು ದೂರ ಹೋಗುತ್ತಿರುವುದನ್ನು ನೋಡುತ್ತ, ಕರೆಯಬಹುದಾದ ಒಂದು ಕರೆಯನ್ನು ಆಕೆ ಗಂಟಲಲ್ಲೇ ಹಿಡಿದು ನಿಂತಿದ್ದಳು. ನಾನು ಅದೇ ಹೊತ್ತಿಗೆ "ಶಿವಾಯ" ಎನ್ನುತ್ತ ಕರೆ ಎಣಿಸುತ್ತಿದ್ದೆ.

ಇದಾಗಿ ಕೆಲವು ವರ್ಷಗಳಾದವು. ನನ್ನ ಮೊಣಕಾಲು ಹಾಗೇ ಇದೆ. ಕರೆದರೆ ಈಗ ಮೊದಲನೆಯದಕ್ಕೇ ಏಳುತ್ತೇನೆ. ಬೇರೆಯವರ ಮನೆಯ "ಏನ್ರೀ"ಗೂ ಎದ್ದು ಹೋಗಿ ಮುಜುಗರಪಟ್ಟದ್ದುಂಟು. ನೀಲವ್ವ ಮಾತ್ರ ಮನೆಗೆ ಬಂದವರಿಗೆಲ್ಲ ಆ ದಿನದ ಕಥೆ ಹೇಳುತ್ತಾಳೆ. ಕೆಸರು, ನೀರು, ಮುದುಕಿ, ಎಲ್ಲ ಹೇಳಿ ಕೊನೆಗೆ ಧ್ವನಿ ತಗ್ಗಿಸುತ್ತಾಳೆ. "ಮೂರನೇ ಸಲಾ ನಾ ಕರೀಲೇ ಇಲ್ಲರಿ. ಆದ್ರೂ ನಮ್ಮನಿಯವರಿಗೆ ಅದೆಂಗ ತಿಳೀತೋ, ಮೊಣಕಾಲ ಬ್ಯಾನಿ ಮರತು ಓಡಿ ಬಂದ್ರು. ಜೀವಕ್ಕ ಜೀವ ಅಂದ್ರ ಅದ ನೋಡ್ರಿ." ಬಂದ ಹೆಂಗಸರು ಕಣ್ಣೊರೆಸಿಕೊಂಡು ನನ್ನ ಕಡೆ ನೋಡುತ್ತಾರೆ, ಆಮೇಲೆ ತಮ್ಮ ಗಂಡಂದಿರ ಕಡೆ ನೋಡುತ್ತಾರೆ. ಆ ಗಂಡಂದಿರು ನನ್ನನ್ನು ನೋಡುವ ನೋಟ ಬೇರೆ. ನಾನು ಅಂದು ಓಡಿ ಬಂದದ್ದು ಆಕೆಯನ್ನು ಉಳಿಸುವುದಕ್ಕಲ್ಲ, ದೆವ್ವ ಬಂದರೆ ಆಕೆಯ ಹಿಂದೆ ನಿಲ್ಲುವುದಕ್ಕೆ. ಇದನ್ನು ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಪ್ರತಿಸಲವೂ ಆಕೆ, ನನಗೆ ಹಸಿವಾಗಿದೆಯೆಂದು ತಿಳಿದು, ಬಿಸಿ ರೊಟ್ಟಿಯ ಮೇಲೆ ದೊಡ್ಡದೊಂದು ಬೆಣ್ಣೆಯ ಮುದ್ದೆ ಇಟ್ಟು ತಂದುಬಿಡುತ್ತಾಳೆ. ನಾನು ತಿನ್ನುತ್ತೇನೆ.